ಕರೆಂಟ್ ಹೋಗಿ ಬಂದ್ಮೇಲೆ ಸರ್ವರ್ ಯಾಕೆ ಏಳಲ್ಲ?

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪತ್ರಿಕೇಲಿ ಒಂದು ಫೋಟೋ ಬಂದಿತ್ತು, ರಟ್ಟಿನ ಮೇಲೆ 'ಸರ್ವರ್ ಡೌನ್' ಅಂತ ಸ್ಕೆಚ್ ಪೆನ್ನಲ್ಲಿ ಬರೆದು ಕೌಂಟರಿಗೆ ನೇತು ಹಾಕಿದ್ದು, ಕೆಳಗೆ ಜನ ಬೆಳಗ್ಗೆಯಿಂದ ಕಾದು ಕಾದು ವಾಪಸ್ ಹೋದ್ರು ಅಂತ ಎರಡು ಸಾಲು. ಆ ಆಫೀಸಿನ ವಿಷಯಕ್ಕೆ ನಾನು ಹೋಗಲ್ಲ, ನಮ್ಮ ಮನೆ ದೋಸೆನೇ ತೂತು. ನಾನು ಮಲೆನಾಡಿನ ಒಂದು ತಾಲ್ಲೂಕು ಊರಿನ ಡಿಗ್ರಿ ಕಾಲೇಜಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್, ಇಪ್ಪತ್ತು ವರ್ಷದ ಮೇಲಾಯ್ತು. ನಮ್ಮಲ್ಲೂ ಅಂಥದ್ದೇ ಒಂದು ರಟ್ಟು ಮೂರು ದಿನ ನೇತಾಡ್ತು, ಅದರ ಹಿಂದೆ ಏನಿತ್ತು ಅಂತ ಬಿಡಿಸಿ ಹೇಳೋಣ ಅಂತ ಈ ಪತ್ರ. ಉದ್ದ ಆಗುತ್ತೆ, ಕತ್ತರಿ ಹಾಕೋದಾದ್ರೆ ನನ್ನ ಹಳೇ ಕಥೆಗಳಿಗೆ ಹಾಕಿ, ಕೊನೇಲಿ ಕೇಳಿರೋದನ್ನ ಮಾತ್ರ ಉಳಿಸಿ.

ನಮ್ಮ ಲೈಬ್ರರಿಲಿ ಒಂದು ಸರ್ವರ್ ಇದೆ. ಸರ್ವರ್ ಅಂದ್ರೆ ದೊಡ್ಡದೇನಲ್ಲ, ಗೋಡೆ ಬೀರುವಿನ ಕೆಳಗಿನ ಖಾನೇಲಿ ಕೂತಿರೋ ಒಂದು ಸಿಪಿಯು ಡಬ್ಬ, ಡೆಬಿಯನ್ ಲಿನಕ್ಸ್ ಹಾಕಿದೆ. ಪುಸ್ತಕ ಕೊಡೋದು ತಗೊಳ್ಳೋದಕ್ಕೆ ಕೋಹಾ ಅನ್ನೋ ಸಾಫ್ಟ್‌ವೇರ್, ಹಳೇ ಪ್ರಶ್ನೆಪತ್ರಿಕೆ ಎಲ್ಲ ಸ್ಕ್ಯಾನ್ ಮಾಡಿ ಇಡೋದಕ್ಕೆ ಡಿಸ್ಪೇಸ್. ಎರಡೂ ಫ್ರೀ, ಎರಡೂ ಒಳ್ಳೇವು. ಹೊರಗಿನ ಒಬ್ಬ ಹುಡುಗ ಬಂದು ಎಲ್ಲ ಇನ್‌ಸ್ಟಾಲ್ ಮಾಡಿ, ಬಿಲ್ ಪಾಸ್ ಮಾಡಿಸ್ಕೊಂಡು ಹೋದ. ಅವನು ಹೋದ್ಮೇಲೆ ಯುಪಿಎಸ್ ದಯೆಯಿಂದ ಆ ಮಷೀನ್ 200ಕ್ಕೂ ಜಾಸ್ತಿ ದಿನ ಆಫೇ ಆಗಿಲ್ಲ, ನಾವು ಅದನ್ನ ಹೆಮ್ಮೆ ಅನ್ಕೊಂಡಿದ್ವಿ. ಜೂನಲ್ಲಿ ಒಂದು ರಾತ್ರಿ ಮಳೆ ಗಾಳಿ, ಮರ ಬಿದ್ದು ಲೈನ್ ಹೋಯ್ತು, ಯುಪಿಎಸ್ ಬ್ಯಾಟರಿ ಮೊದಲೇ ಸತ್ತಿತ್ತು ಅಂತ ಅವತ್ತು ಗೊತ್ತಾಯ್ತು. ಮಾರನೇ ದಿನ ಮಧ್ಯಾಹ್ನ ಕರೆಂಟ್ ಬಂತು, ಲೈಬ್ರರಿಯನ್ ಮೇಡಂ ಬಟನ್ ಒತ್ತಿದ್ರು, ಫ್ಯಾನ್ ತಿರುಗ್ತು, ಸ್ಕ್ರೀನ್ ಮೇಲೆ ಒಂದು ಕೆಂಪು ಚುಕ್ಕಿಗಳ ಗೆರೆ ಆ ಕಡೆ ಈ ಕಡೆ ಓಡಾಡ್ತಾ ಕೂತ್ಕೊಳ್ತು.

ನನ್ನನ್ನ ಕರೆದಾಗ ಅಲ್ಲಿ ಬರ್ತಿದ್ದದ್ದು ಇಷ್ಟು, ಒಂದು ಡಿಸ್ಕಿಗಾಗಿ ಸ್ಟಾರ್ಟ್ ಜಾಬ್ ಓಡ್ತಿದೆ, ಇಷ್ಟು ಸೆಕೆಂಡ್ ಆಯ್ತು, ಮಿತಿ ಒಂದು ನಿಮಿಷ ಮೂವತ್ತು ಸೆಕೆಂಡ್. ತೊಂಬತ್ತು ಸೆಕೆಂಡ್ ಮುಗೀತು, ಎಮರ್ಜೆನ್ಸಿ ಮೋಡ್ ಅಂತ ಬಂತು, ರಿಪೇರಿಗೆ ರೂಟ್ (ಮಷೀನಲ್ಲಿ ಎಲ್ಲ ಅಧಿಕಾರ ಇರೋ ಖಾತೆ) ಪಾಸ್‌ವರ್ಡ್ ಕೊಡಿ ಇಲ್ಲಾ ಕಂಟ್ರೋಲ್ ಡಿ ಒತ್ತಿ ಅಂತ ಕೇಳ್ತು. ಕಂಟ್ರೋಲ್ ಡಿ ಒತ್ತಿದ್ರೆ ಮತ್ತೆ ತೊಂಬತ್ತು ಸೆಕೆಂಡ್, ಮತ್ತೆ ಅದೇ ಜಾಗ. ಪಾಸ್‌ವರ್ಡ್ ಆ ಹುಡುಗನಿಗೆ ಮಾತ್ರ ಗೊತ್ತು, ಅವನ ಫೋನ್ ಸ್ವಿಚ್ ಆಫ್. ಯಾವ ಡಿಸ್ಕಪ್ಪಾ ಇದು ಅಂತ ತಲೆ ಕೆರ್ಕೊಳ್ತಿದ್ರೆ ಮೇಡಂ ಮೆಲ್ಲಗೆ ಹೇಳಿದ್ರು, 'ಸಾರ್, ಬ್ಯಾಕಪ್ ಡಿಸ್ಕ್ ಸಿಡಿಲಿಗೆ ಸುಟ್ಟೋದೀತು ಅಂತ ನಾನು ಮನೆಗೆ ತಗೊಂಡ್ ಹೋಗಿದೀನಿ'. ಅವರದ್ದು ತಪ್ಪೇ ಅಲ್ಲ, ಬ್ಯಾಕಪ್ಪನ್ನ ಬೇರೆ ಜಾಗದಲ್ಲಿ ಇಡೋದು ಬುದ್ಧಿವಂತರ ಕೆಲಸ. ತಪ್ಪು ಇರೋದು ಎಫ್‌ಎಸ್‌ಟ್ಯಾಬ್ ಅನ್ನೋ ಫೈಲಲ್ಲಿ, ಏಳುವಾಗ ಯಾವ ಯಾವ ಡಿಸ್ಕ್ ಜೋಡಿಸ್ಕೋಬೇಕು ಅನ್ನೋ ಪಟ್ಟಿ ಅದು. ಆ ಹುಡುಗ ಯುಎಸ್‌ಬಿ ಡಿಸ್ಕನ್ನೂ ಅದರಲ್ಲಿ ಬರೆದಿದ್ದ, ಪಕ್ಕದಲ್ಲಿ 'ನೋಫೇಲ್' ಅನ್ನೋ ಒಂದು ಪದ ಬರೆದಿದ್ರೆ ಡಿಸ್ಕ್ ಇಲ್ದಿದ್ರೂ ಪರವಾಗಿಲ್ಲ ಮುಂದೆ ಹೋಗು ಅಂತ ಆಗ್ತಿತ್ತು. ಒಂದು ಪದ ಬಿಟ್ಟೋಗಿದ್ದಕ್ಕೆ ಇಡೀ ಲೈಬ್ರರಿ ಬಂದ್.

ಇಲ್ಲೊಂದು ಸಣ್ಣ ಪಾಠ ಹೇಳ್ಬೇಕು, ಇಲ್ದಿದ್ರೆ ಮುಂದಿನದ್ದು ಅರ್ಥ ಆಗಲ್ಲ. ಯುನಿಕ್ಸ್ ಜಾತಿಯ (ಲಿನಕ್ಸೂ ಅದೇ ಜಾತಿ) ಯಾವುದೇ ಮಷೀನ್ ಆನ್ ಆದಾಗ ಮೊದಲು ಕರ್ನಲ್, ಅಂದ್ರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಏಳುತ್ತೆ, ಅದು ಒಂದೇ ಒಂದು ಪ್ರೋಗ್ರಾಂ ಶುರು ಮಾಡಿ ಹಿಂದೆ ಸರಿಯುತ್ತೆ. ಆ ಪ್ರೋಗ್ರಾಮಿಗೆ ನಂಬರ್ 1, ಹೆಸರು ಇನಿಟ್. ಮಿಕ್ಕಿದ್ದೆಲ್ಲ ಅದರ ಮಕ್ಕಳು ಮೊಮ್ಮಕ್ಕಳು. ನೆಟ್‌ವರ್ಕ್ ಎಬ್ಬಿಸೋದು, ಡೇಟಾಬೇಸ್ ಎಬ್ಬಿಸೋದು, ಲಾಗಿನ್ ಕೇಳೋದು, ಅಪ್ಪ ಅಮ್ಮ ಸತ್ತ ಪ್ರೊಸೆಸ್ಸುಗಳನ್ನ ಸಾಕ್ಕೊಳ್ಳೋದು, ಸತ್ತವಕ್ಕೆ ಸಂಸ್ಕಾರ ಮಾಡೋದು, ಎಲ್ಲ ಈ ಯಜಮಾನನದ್ದೇ. ಯಜಮಾನ ಸತ್ರೆ ಕರ್ನಲ್ ಪ್ಯಾನಿಕ್, ಮಷೀನೇ ನಿಂತೋಗುತ್ತೆ. ನಿಮ್ಮ ಕಿಸೇಲಿರೋ ಆಂಡ್ರಾಯ್ಡ್ ಫೋನಲ್ಲೂ ಇದೇ ಕಥೆ, ಅಲ್ಲೂ ಇನಿಟ್ ಅಂತ ಒಬ್ಬ ಇದಾನೆ, ತನ್ನ ಚೀಟಿ ಓದ್ಕೊಂಡು ಒಬ್ಬೊಬ್ಬರನ್ನೇ ಎಬ್ಬಿಸ್ತಾನೆ. ಹಿಂದೆ ನಿಂತು ಕೆಲಸ ಮಾಡೋ ಈ ಸರ್ವಿಸ್‌ಗಳಿಗೆ ಡೀಮನ್ ಅಂತಾರೆ. ಕ್ಲಾಸಲ್ಲಿ ಹೇಳಿದ್ರೆ ಹುಡುಗ್ರು ದೆವ್ವನಾ ಸಾರ್ ಅಂತ ನಗ್ತಾರೆ. 1963ರಲ್ಲಿ ಅಮೆರಿಕದ ಎಂಐಟಿಯವರು ಭೌತಶಾಸ್ತ್ರದ ಮ್ಯಾಕ್ಸ್‌ವೆಲ್ ಡೀಮನ್ ಅನ್ನೋ ಕಲ್ಪನೆಯ ಜೀವಿಯ ನೆನಪಲ್ಲಿ ಇಟ್ಟ ಹೆಸರದು, ದೆವ್ವ ಅನ್ನೋದಕ್ಕಿಂತ ನಮ್ಮ ಕಡೆ ತೋಟದ ಚೌಡಿ ಅಂದ್ರೆ ಸರಿಯಾಗುತ್ತೆ, ಕಣ್ಣಿಗೆ ಕಾಣಲ್ಲ, ಮೂಲೇಲಿ ಕೂತು ಕಾಯ್ತಿರುತ್ತೆ, ಮರೆತ್ರೆ ಮಾತ್ರ ಕಾಟ.

ಸರಿ, ನಮ್ಮ ಮಷೀನ್‌ಗೆ ಬರೋಣ. ಪಾಸ್‌ವರ್ಡ್ ಇಲ್ದೆ ಒಳಗೆ ಹೋಗೋಕೆ ಹಳೇ ದಾರಿ ಒಂದಿದೆ. ಆನ್ ಮಾಡಿದ ತಕ್ಷಣ ಯಾವುದನ್ನ ಎಬ್ಬಿಸ್ಲಿ ಅಂತ ಕೇಳೋ ಗ್ರಬ್ ಮೆನು ಬಂದಾಗ 'ಇ' ಒತ್ತಿ, ಲಿನಕ್ಸ್ ಅನ್ನೋ ಸಾಲಿನ ಕೊನೇಲಿ 'ಇನಿಟ್ ಈಕ್ವಲ್ ಟು ಬಿನ್ ಬ್ಯಾಷ್' ಅಂತ ಸೇರಿಸೋದು, ಅಂದ್ರೆ ಕರ್ನಲ್‌ಗೆ ಇವತ್ತು ಆ ಯಜಮಾನ ಬೇಡ, ನಾವು ಟೈಪ್ ಮಾಡಿದ ಕಮಾಂಡ್ ಓಡಿಸೋ ಬರೀ ಒಂದು ಬ್ಯಾಷ್ ಶೆಲ್ಲನ್ನ ನಂಬರ್ 1 ಕುರ್ಚೀಲಿ ಕೂರಿಸು ಅಂತ ಹೇಳೋದು. ಕೂರಿಸ್ದೆ. ಡಿಸ್ಕನ್ನ ಬರೆಯೋ ಹಾಗೆ ಮಾಡ್ಕೊಂಡು ನೋಫೇಲ್ ಸೇರಿಸಿ, ರೂಟ್‌ಗೆ ಹೊಸ ಪಾಸ್‌ವರ್ಡ್ ಕೊಟ್ಟು, ಬರೆದದ್ದೆಲ್ಲ ಡಿಸ್ಕಿಗೆ ಇಳಿಯೋ ಹಾಗೆ ಸಿಂಕ್ ಮಾಡಿ, ಕೈ ರೂಢಿ ನೋಡಿ, ಎಕ್ಸಿಟ್ ಅಂತ ಟೈಪ್ ಮಾಡ್ಬಿಟ್ಟೆ. ನಂಬರ್ 1 ಕುರ್ಚೀಲಿದ್ದ ಬ್ಯಾಷೇ ಹೊರಟೋಯ್ತು, ತಕ್ಷಣ ಸ್ಕ್ರೀನ್ ತುಂಬ ಪ್ಯಾನಿಕ್, ಇನಿಟ್‌ನ ಕೊಲ್ಲೋಕೆ ನೋಡ್ತಿದೀರಿ ಅಂತ. ಮೇಡಂ ಗಾಬರಿಯಾಗಿ 'ಅಯ್ಯೋ ಪೂರ್ತಿ ಹೋಯ್ತಾ ಸಾರ್' ಅಂದ್ರು. ಏನಿಲ್ಲ ಮೇಡಂ ಅಂತ ಪವರ್ ಬಟನ್ ಒತ್ತಿ ಹಿಡಿದೆ. ಎರಡನೇ ಸಲ ಲಾಗಿನ್ ಬಂತು, ಕೋಹಾ ತಾನಾಗೇ ಎದ್ದಿತ್ತು. ಎಲ್ರೂ ಟೀ ಕುಡಿದ್ವಿ.

ಟೀ ಮುಗಿಯೋದ್ರೊಳಗೆ ಐದನೇ ಸೆಮಿಸ್ಟರ್ ಹುಡುಗಿ ಬಂದು ಪ್ರಶ್ನೆಪತ್ರಿಕೆ ಸೈಟ್ ಓಪನ್ ಆಗ್ತಿಲ್ಲ ಅಂದ್ಲು. ಪರೀಕ್ಷೆ ಹತ್ತಿರ ಇತ್ತು, ಲೈಬ್ರರಿಗೆ ಜನ ಬರೋದೇ ಅದಕ್ಕೆ. ನೋಡಿದ್ರೆ ಡಿಸ್ಪೇಸ್ ಓಡೋಕೆ ಬೇಕಾದ ಟಾಮ್‌ಕ್ಯಾಟ್ ಎದ್ದೇ ಇಲ್ಲ. ಅದ್ಯಾಕೆ ಏಳುತ್ತೆ ಹೇಳಿ, ಕೋಹಾ ಡೆಬಿಯನ್ ಪ್ಯಾಕೇಜಾಗಿ ಬಂದಿತ್ತು, ಅದರ ಸರ್ವಿಸ್ ತಾನಾಗೇ ಪಟ್ಟಿಗೆ ಸೇರಿರುತ್ತೆ. ಟಾಮ್‌ಕ್ಯಾಟನ್ನ ಹುಡುಗ ಝಿಪ್ ಥರದ ಫೈಲ್ ತಂದು ಬಿಚ್ಚಿ, ರೂಟ್ ಆಗಿ ಲಾಗಿನ್ ಆಗಿ, ಸ್ಟಾರ್ಟಪ್ ಡಾಟ್ ಎಸ್‌ಎಚ್ ಅಂತ ಕೈಯಲ್ಲಿ ಓಡಿಸಿ, ಬ್ರೌಸರಲ್ಲಿ ತೋರಿಸಿ, ನೋಡಿ ಮೇಡಂ ಬಂತು ಅಂತ ಹೇಳಿ ಹೋಗಿದ್ದ. 200 ದಿನ ಅದು ಓಡಿದ್ದು ಅವನ ಆ ಒಂದು ಎಂಟರ್ ಹೊಡೆತದ ಮೇಲೆ. ಕರೆಂಟ್ ಹೋಯ್ತು, ಎಂಟರ್ ಹೊಡೆಯೋರು ಯಾರೂ ಇಲ್ಲ.

ನಾನು ಹುಡುಗ್ರಿಗೆ ಇದನ್ನ ಹೀಗೆ ಹೇಳ್ಕೊಡ್ತೀನಿ, ಸ್ಟಾರ್ಟ್ ಅಂದ್ರೆ ದಿನಗೂಲಿ, ಎನೇಬಲ್ ಅಂದ್ರೆ ಖಾಯಂ ನೇಮಕ. ಸರ್ವಿಸ್‌ಗಳಿಗೆ ಅಪ್ಪಣೆ ಕೊಡೋ ಕಮಾಂಡ್ ಸಿಸ್ಟಮ್‌ಸಿಟಿಎಲ್, ಅದರಲ್ಲಿ ಸ್ಟಾರ್ಟ್ ಅಂತ ಕೊಟ್ರೆ ಇವತ್ತು ಬಂದು ಕೆಲಸ ಮಾಡು ಅಂತ, ನಾಳೆ ಮಷೀನ್ ಮತ್ತೆ ಆನ್ ಆದಾಗ ಅವನನ್ನ ಯಾರೂ ಕರೆಯಲ್ಲ. ಸಿಸ್ಟಮ್‌ಸಿಟಿಎಲ್ ಎನೇಬಲ್ ಅಂದ್ರೆ ಹಾಜರಿ ಪುಸ್ತಕದಲ್ಲಿ ಹೆಸರು ಏರಿಸಿದ ಹಾಗೆ, ಆದ್ರೆ ಈ ಕ್ಷಣಕ್ಕೆ ಅವನು ಕೆಲಸಕ್ಕೆ ಇಳಿಯಲ್ಲ, ಮುಂದಿನ ಸಲ ಏಳುವಾಗ ಬರ್ತಾನೆ. ಎರಡೂ ಬೇಕಂದ್ರೆ ಎರಡೂ ಕೊಡ್ಬೇಕು, ಇಲ್ಲಾ ಎನೇಬಲ್ ಜೊತೆ ಡ್ಯಾಶ್ ಡ್ಯಾಶ್ ನೌ ಅಂತ ಹಾಕ್ಬೇಕು. ನಮ್ಮ ಕಾಲೇಜಲ್ಲಿ ಅರ್ಧ ಜನ ಅತಿಥಿ ಉಪನ್ಯಾಸಕರು, ಪ್ರತಿ ವರ್ಷ ಹೊಸದಾಗಿ ಆರ್ಡರ್ ಬರೋ ತನಕ ಅವರ ಪಾಡು ಸ್ಟಾರ್ಟ್ ಆಗಿ ಎನೇಬಲ್ ಆಗ್ದಿರೋ ಸರ್ವಿಸ್ ಥರಾನೇ, ಹಾಗಾಗಿ ಈ ಉದಾಹರಣೆ ಸ್ಟಾಫ್ ರೂಮಲ್ಲಿ ಯಾರಿಗೂ ಎರಡನೇ ಸಲ ಹೇಳ್ಬೇಕಾಗಲ್ಲ.

ಮೊದಲು ಇದೆಲ್ಲ ಇಷ್ಟೂ ಇರ್ಲಿಲ್ಲ ಅನ್ನಿ. ತೊಂಬತ್ತರ ದಶಕದಲ್ಲಿ ನಾನು ಕಂಪ್ಯೂಟರ್ ಕ್ಲಾಸಿಗೆ ಹೋಗ್ತಿದ್ದಾಗ ನಮ್ಮೂರ ಬ್ಯಾಂಕ್ ಬ್ರಾಂಚಲ್ಲಿ ಎಸ್‌ಸಿಒ ಯುನಿಕ್ಸ್ ಇತ್ತು, ಒಂದು ಮಷೀನು, ಅದಕ್ಕೆ ನಾಲ್ಕೈದು ಹಸಿರು ಅಕ್ಷರದ ಟರ್ಮಿನಲ್. ಬೆಳಗ್ಗೆ ಆಫೀಸರ್ ಬಂದು ಮಷೀನ್ ಆನ್ ಮಾಡಿದ್ರೆ ಅದು ಪ್ರತಿ ದಿನ ಕೇಳ್ತಿತ್ತು, ಮಾಮೂಲಿಯಾಗಿ ಏಳ್ಬೇಕಾ ಕಂಟ್ರೋಲ್ ಡಿ ಒತ್ತಿ, ರಿಪೇರಿ ಮಾಡ್ಬೇಕಾ ರೂಟ್ ಪಾಸ್‌ವರ್ಡ್ ಕೊಡಿ. ಆಮೇಲೆ ಟೈಮ್ ಸರಿ ಇದೆಯಾ ಅಂತ ಕೇಳ್ತಿತ್ತು, ಎಂಟರ್ ಹೊಡೆದ್ರೆ ಮುಂದೆ. ಆಫೀಸರ್ ಲೇಟಾಗಿ ಬಂದ್ರೆ ಬ್ಯಾಂಕೇ ಲೇಟು. ಆಗ ಅದನ್ನ ನೋಡಿ ಇದೇನಪ್ಪಾ ದಿನಾ ಅಪ್ಪಣೆ ಕೇಳುತ್ತೆ ಅಂತ ನಗ್ತಿದ್ದೆ, ಈಗ ಅನ್ಸುತ್ತೆ, ಅಲ್ಲಿ ಕೊನೇಪಕ್ಷ ಒಬ್ಬ ಮನುಷ್ಯನಿಗೆ ಮಷೀನ್ ಎಬ್ಬಿಸೋದು ತನ್ನ ಕೆಲಸ ಅಂತ ಗೊತ್ತಿತ್ತು. ಲೈಬ್ರರಿಲಿ ಎಮರ್ಜೆನ್ಸಿ ಮೋಡ್ ಅದೇ ಕಂಟ್ರೋಲ್ ಡಿ ಕೇಳಿದಾಗ ಆ ಬ್ಯಾಂಕಿನ ಫಿನಾಯಿಲ್ ವಾಸನೇನೇ ಮೂಗಿಗೆ ಬಂದಂಗಾಯ್ತು.

ಅದಕ್ಕೂ ಹಿಂದೆ, 1979ರ ಏಳನೇ ಆವೃತ್ತಿ ಯುನಿಕ್ಸಲ್ಲಿ ಎಲ್ಲಕ್ಕೂ ಸೇರಿ ಒಂದೇ ಒಂದು ಆರ್‌ಸಿ ಫೈಲು, ಇನಿಟ್ ಅದನ್ನ ಮೇಲಿಂದ ಕೆಳಗೆ ಓದ್ಕೊಂಡು ಹೋಗ್ತಿತ್ತು ಅಷ್ಟೇ. ಆಮೇಲೆ ಬಂದ ಸಿಸ್ಟಮ್ ಫೈವ್ ಅನ್ನೋ ಯುನಿಕ್ಸ್ ದಾರೀಲಿ ಬಂದೋರು ರನ್‌ಲೆವೆಲ್, ಅಂದ್ರೆ ಮಷೀನ್ ಯಾವ ಸ್ಥಿತೀಲಿ ಇರ್ಬೇಕು ಅನ್ನೋ ನಂಬರ್ ತಂದ್ರು, ಸೊನ್ನೆ ಅಂದ್ರೆ ಆಫ್, ಒಂದು ಅಂದ್ರೆ ರಿಪೇರಿ, ಆರು ಅಂದ್ರೆ ರೀಬೂಟ್, ನಡುವಿನವು ಮಾಮೂಲಿ ಕೆಲಸಕ್ಕೆ. ಒಂದೊಂದು ಲೆವೆಲ್‌ಗೆ ಒಂದು ಫೋಲ್ಡರು, ಅದರೊಳಗೆ ಎಸ್ ಅಥವಾ ಕೆ ಅಕ್ಷರ, ಮುಂದೆ ನಂಬರ್ ಇರೋ ಲಿಂಕುಗಳು, ಎಸ್ ಇದ್ರೆ ಶುರು ಮಾಡು, ಕೆ ಇದ್ರೆ ಕೊಲ್ಲು, ನಂಬರ್ ಪ್ರಕಾರ ಸಾಲಾಗಿ. ಪಂಕ್ತಿ ಊಟದ ಥರ, ಉಪ್ಪಿನಕಾಯಿ ಬಡಿಸೋನು ಕೊನೇ ಎಲೆ ಮುಟ್ಟೋ ತನಕ ಕೋಸಂಬರಿಯೋನು ಹೊರಡೋ ಹಾಗಿಲ್ಲ.

ಆ ಕಾಲದ ನನ್ನ ಮರ್ಯಾದೆ ಹೋದ ಕಥೆ ಒಂದಿದೆ. ಲ್ಯಾಬಿಗೆ ರೆಡ್ ಹ್ಯಾಟ್ 9 ಹಾಕಿದ್ವಿ, 2003ರದ್ದು, ಪಿಸಿ ಕ್ವೆಸ್ಟ್ ಮ್ಯಾಗಜಿನ್ ಸಿಡಿ ಕಾಯ್ಕೊಂಡು ಕೂತು ಲಿನಕ್ಸ್ ಕಲಿತ ತಲೆಮಾರು ನಮ್ದು. ಗ್ರಾಫಿಕ್ಸ್ ಲಾಗಿನ್ ಬರ್ಲಿ ಅಂತ ಇನಿಟ್‌ಟ್ಯಾಬ್ ಫೈಲಲ್ಲಿ 3 ಇದ್ದದ್ದನ್ನ 5 ಮಾಡೋಕೆ ಹೋಗಿ ಪಕ್ಕದ ಕೀ ಒತ್ತಿ 6 ಮಾಡ್ದೆ. ಮಷೀನ್ ಎದ್ದಿತು, ಎದ್ದ ತಕ್ಷಣ ರೀಬೂಟ್, ಮತ್ತೆ ಎದ್ದಿತು, ಮತ್ತೆ ರೀಬೂಟ್. ಹಾವು ತನ್ನ ಬಾಲ ತಾನೇ ನುಂಗೋ ಹಾಗೆ ಅರ್ಧ ಗಂಟೆ ನಡೀತು, ಹಿಂದೆ ನಲವತ್ತು ಹುಡುಗ್ರು ನಗ್ತಾ ಇದ್ರು. ತಮಾಷೆ ಅಂದ್ರೆ ಅದೇ ಫೈಲಲ್ಲಿ 6ರ ಪಕ್ಕದಲ್ಲೇ ಇದನ್ನ ಡೀಫಾಲ್ಟ್ ಮಾಡ್ಬೇಡಿ ಅಂತ ಬರೆದಿರುತ್ತೆ. ಇಂಗ್ಲಿಷಲ್ಲಿ ಬರೆದದ್ದನ್ನ ನಾವು ಯಾವಾಗ ಓದ್ತೀವಿ.

ಆಮೇಲೆ ಎಲ್ರಿಗೂ ಈ ಸಾಲಿನ ಪದ್ಧತಿ ಸಾಕಾಯ್ತು. 2005ರಲ್ಲಿ ಸನ್ ಕಂಪನಿಯ ಯುನಿಕ್ಸ್ ಸೋಲಾರಿಸ್ 10ಕ್ಕೆ ಸರ್ವಿಸ್ ಎಬ್ಬಿಸೋ ಹೊಸ ಪದ್ಧತಿ ಎಸ್‌ಎಂಎಫ್ ಬಂತು, ಅದೇ ವರ್ಷ ಆಪಲ್‌ನವರ ಲಾಂಚ್‌ಡಿ, ಮಾರನೇ ವರ್ಷ ಉಬುಂಟು ಅಪ್‌ಸ್ಟಾರ್ಟ್ ಅಂತ ತಂತು. 2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತೆ ಕೇ ಸೀವರ್ಸ್ ಸೇರ್ಕೊಂಡು ಸಿಸ್ಟಮ್‌ಡಿ ಅನ್ನೋ ಹೊಸ ಇನಿಟ್ ಶುರು ಮಾಡಿದ್ರು, ಇಲ್ಲಿ ಸಾಲಿಲ್ಲ, ಯಾರು ಯಾರಿಗೆ ಕಾಯ್ಬೇಕೋ ಅಷ್ಟು ಮಾತ್ರ ಕಾಯೋದು, ಉಳಿದೋರೆಲ್ಲ ಒಟ್ಟಿಗೆ ಹೊರಡೋದು. ಇದರ ಮೇಲೆ ಆದ ಜಗಳ ನಮ್ಮೂರ ದೇವಸ್ಥಾನದ ಕಮಿಟಿ ಜಗಳಕ್ಕೆ ಕಮ್ಮಿ ಇರ್ಲಿಲ್ಲ. 2014ರ ಫೆಬ್ರವರಿಲಿ ಡೆಬಿಯನ್ ತಾಂತ್ರಿಕ ಸಮಿತಿಲಿ ಎಂಟು ಜನ ನಾಲ್ಕು ನಾಲ್ಕಾಗಿ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಸೋತ ಕಡೆಯವರಲ್ಲಿ ಕೆಲವರು ಮನೆ ಪಾಲು ಮಾಡ್ಕೊಂಡು ಡೆವುವಾನ್ ಅಂತ ಬೇರೆ ಒಲೆ ಹೂಡಿದ್ರು. ನಾನೂ ಆಗ ಸಿಸ್ಟಮ್‌ಡಿ ಅಂದ್ರೆ ಉರ್ಕೊಳ್ತಿದ್ದೋನೇ, ಲಾಗನ್ನ, ಅಂದ್ರೆ ಮಷೀನ್ ಬರ್ಕೊಳ್ಳೋ ದಿನಚರೀನ, ಸುಮ್ನೆ ಒಂದು ಟೆಕ್ಸ್ಟ್ ಫೈಲಾಗಿ ಇಡೋಕೆ ಏನ್ ಕಷ್ಟ ಇತ್ತು ಅಂತ ಇವತ್ತಿಗೂ ಅನ್ಸುತ್ತೆ.

ವಿರೋಧ ಮಾಡಿದೋರ ಮಾತು ಪೂರ್ತಿ ಸುಳ್ಳೂ ಅಲ್ಲ. 2024ರ ಮಾರ್ಚಲ್ಲಿ ಎಕ್ಸ್‌ಝಡ್ ಅನ್ನೋ ಕಂಪ್ರೆಷನ್ ಲೈಬ್ರರಿಲಿ ಕಳ್ಳಬಾಗಿಲು ಸಿಕ್ತಲ್ಲ, ದೂರದಿಂದ ಸರ್ವರ್‌ಗೆ ಲಾಗಿನ್ ಆಗೋಕೆ ಬಳಸೋ ಎಸ್‌ಎಸ್‌ಎಚ್ ಮೂಲದಲ್ಲಿ ಆ ಲೈಬ್ರರಿ ಬಳಸೋದೇ ಇಲ್ಲ. ನಾನು ಎದ್ದೆ ಅಂತ ಸಿಸ್ಟಮ್‌ಡಿಗೆ ಸುದ್ದಿ ಮುಟ್ಟಿಸೋಕೆ ಡೆಬಿಯನ್, ಫೆಡೋರಾದವರು ಎಸ್‌ಎಸ್‌ಎಚ್‌ಗೆ ಒಂದು ತೇಪೆ ಹಾಕಿದ್ರು, ಆ ತೇಪೆ ಹಿಡ್ಕೊಂಡು ಅದು ಒಳಗೆ ಬಂದಿತ್ತು. ಲಾಗಿನ್‌ಗೆ ಅರ್ಧ ಸೆಕೆಂಡ್ ಯಾಕೆ ಜಾಸ್ತಿ ಆಗ್ತಿದೆ ಅಂತ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಒಬ್ಬ ಪೋಸ್ಟ್‌ಗ್ರೆಸ್ ಡೇಟಾಬೇಸ್ ಡೆವಲಪರ್ ತಲೆ ಕೆಡಿಸ್ಕೊಂಡಿದ್ದಕ್ಕೆ ಅದು ಸಿಕ್ಕಿಬಿತ್ತು. ಅರ್ಧ ಸೆಕೆಂಡ್! ನಾವು ಮೂರು ದಿನ ರಟ್ಟು ನೇತು ಹಾಕಿ ಕೂತಿರ್ತೀವಿ.

ಇಷ್ಟೆಲ್ಲ ಬೈದ ಮೇಲೂ ಟಾಮ್‌ಕ್ಯಾಟ್ ವಿಷಯದಲ್ಲಿ ಸಿಸ್ಟಮ್‌ಡಿನೇ ಕೈ ಹಿಡೀತು. ಇಟಿಸಿ ಒಳಗೆ ಸಿಸ್ಟಮ್‌ಡಿ, ಅದರೊಳಗೆ ಸಿಸ್ಟಮ್ ಅನ್ನೋ ಫೋಲ್ಡರಲ್ಲಿ ಹನ್ನೆರಡು ಹದಿಮೂರು ಸಾಲಿನ ಒಂದು ಫೈಲ್ ಬರೆದೆ. ಪೋಸ್ಟ್‌ಗ್ರೆಸ್ ಆದ್ಮೇಲೆ ಏಳು, ಟಾಮ್‌ಕ್ಯಾಟ್ ಅನ್ನೋ ಬಡ ಯೂಸರ್ ಹೆಸರಲ್ಲಿ ಏಳು ರೂಟ್ ಹೆಸರಲ್ಲಿ ಬೇಡ, ಬಿದ್ರೆ ಮತ್ತೆ ಎಬ್ಬಿಸು, ಇಷ್ಟೇ ಅದರ ಸಾರಾಂಶ. ಒಂದು ಸೂಕ್ಷ್ಮ ಇಲ್ಲಿದೆ, ಆಫ್ಟರ್ ಅಂತ ಬರೆದ್ರೆ ಬರೀ ಕ್ರಮ, ಅವನು ಬರೋದಾದ್ರೆ ಅವನ ಹಿಂದೆ ಬಾ ಅಂತ. ಅವನು ಬರಲೇಬೇಕು ಅಂದ್ರೆ ರಿಕ್ವೈರ್ಸ್ ಅಂತ ಬೇರೆ ಬರೀಬೇಕು. ಎಲೆ ಹಾಕಿದ್ಮೇಲೆ ಅನ್ನ ಬಡಿಸು ಅನ್ನೋದು ಬೇರೆ, ಎಲೆ ತರಿಸು ಅನ್ನೋದು ಬೇರೆ. ಬರೀ ಆಫ್ಟರ್ ಬರೆದು ಬಿಟ್ಟೋರು ಎಷ್ಟೋ ಜನ, ನಾನೂ ಮೊದಲು ಅಷ್ಟೇ ಬರೆದಿದ್ದೆ.

ಹೊಸ ಫೈಲ್ ಓದ್ಕೋ ಅಂತ ಡೀಮನ್ ರೀಲೋಡ್ ಕೊಟ್ಟು ಸ್ಟಾರ್ಟ್ ಮಾಡ್ದೆ, ಏಳ್ಲಿಲ್ಲ. ಲಾಗ್ ತೋರಿಸೋ ಜರ್ನಲ್‌ಸಿಟಿಎಲ್ ತೆಗೆದು ನೋಡಿದ್ರೆ ಜಾವಾ ಹೋಮ್ (ಟಾಮ್‌ಕ್ಯಾಟ್‌ಗೆ ಬೇಕಾದ ಜಾವಾ ಇರೋ ಜಾಗ) ಎಲ್ಲಿದೆ ಗೊತ್ತಿಲ್ಲ ಅಂತಿದೆ. ಅರೆ, ಕೈಯಲ್ಲಿ ಓಡಿಸಿದ್ರೆ ಓಡುತ್ತಲ್ಲ? ಓಡುತ್ತೆ, ಯಾಕಂದ್ರೆ ಆ ಹುಡುಗ ಜಾವಾನ ಬೇರೆ ಕಡೆ ಬಿಚ್ಚಿಟ್ಟು ಅದರ ವಿಳಾಸ ರೂಟ್‌ನ ಬ್ಯಾಷ್‌ಆರ್‌ಸಿ ಅನ್ನೋ ಫೈಲಲ್ಲಿ ಬರೆದಿದ್ದ. ಅದನ್ನ ಓದೋದು ನಾವು ಲಾಗಿನ್ ಆಗಿ ಕೂತ್ಕೊಂಡಾಗ, ಸಿಸ್ಟಮ್‌ಡಿ ಅದರ ಮುಖಾನೂ ನೋಡಲ್ಲ, ಏನು ಬೇಕೋ ನಾನು ಬರೆದ ಆ ಫೈಲಲ್ಲೇ (ಯೂನಿಟ್ ಫೈಲ್ ಅಂತಾರೆ ಅದಕ್ಕೆ) ಹೇಳ್ಬೇಕು. ಎನ್ವಿರಾನ್‌ಮೆಂಟ್ ಅಂತ ಒಂದು ಸಾಲು ಸೇರಿಸ್ದೆ. ಈಗ ಎದ್ದು ಎರಡು ಸೆಕೆಂಡಲ್ಲಿ ಬಿತ್ತು. ಈ ಸಲ ಲಾಗ್ ಫೋಲ್ಡರಲ್ಲಿ ಬರೆಯೋಕೆ ಪರ್ಮಿಷನ್ ಇಲ್ಲ ಅಂತ, ರೂಟ್ ಆಗಿ ಓಡಿಸಿದ್ದಕ್ಕೆ ಎಲ್ಲ ಫೈಲೂ ರೂಟ್‌ನ ಹೆಸರಿಗೆ ಖಾತೆ ಆಗಿದೆ. ಖಾತೆ ಬದಲಾಯಿಸಿದ್ಮೇಲೆ ಹಸಿರು ಬಣ್ಣದಲ್ಲಿ ಆಕ್ಟಿವ್ ಅಂತ ಬಂತು. ಎನೇಬಲ್ ಕೊಟ್ಟೆ, ಸಿಮ್‌ಲಿಂಕ್ (ಆ ಫೈಲ್ ಕಡೆ ಬೆರಳು ತೋರಿಸೋ ಲಿಂಕ್) ಮಾಡಿದೆ ಅಂತ ಒಂದು ಸಾಲು ಹೇಳ್ತು. ನೋಡಿ, ಇಷ್ಟು ಜಗಳ ಆಗಿ ಇಷ್ಟು ವರ್ಷ ಆದ್ಮೇಲೂ ಖಾಯಂ ನೇಮಕ ಅಂದ್ರೆ ಒಂದು ಫೋಲ್ಡರಲ್ಲಿ ಒಂದು ಲಿಂಕ್ ಅಂಟಿಸೋದೇ, ಹಳೇ ಎಸ್ ನಂಬರಿನ ಲಿಂಕಿಗೂ ಇದಕ್ಕೂ ಮೂಲದಲ್ಲಿ ಏನೂ ಫರಕಿಲ್ಲ.

ಆಮೇಲೆ ಮೇಡಂ ಮುಂದೆನೇ ಮೂರು ಸಲ ಆಫ್ ಮಾಡಿ ಆನ್ ಮಾಡ್ದೆ. ಮೂರೂ ಸಲ ನಾನು ಕೀಬೋರ್ಡ್ ಮುಟ್ಲಿಲ್ಲ, ಕೈ ಕಟ್ಕೊಂಡು ನಿಂತಿದ್ದೆ, ಅವರು ತಮ್ಮ ಫೋನಲ್ಲಿ ಸೈಟ್ ತೆಗೆದು ಹಳೇ ಪತ್ರಿಕೆ ತೋರಿಸಿದ್ರು. ನಾನು ಹೇಳ್ಬೇಕಂತಿರೋದು ಇದನ್ನೇ ಸಂಪಾದಕರೇ. ಕೆಲಸ ಮಾಡ್ತಿದೆ ಅನ್ನೋದು ಪರೀಕ್ಷೆ ಅಲ್ಲ, ಆಫ್ ಮಾಡಿ ಆನ್ ಮಾಡಿದ್ರೆ ಯಾರೂ ಮುಟ್ಟದೆ ಕೆಲಸ ಮಾಡುತ್ತಾ ಅನ್ನೋದು ಪರೀಕ್ಷೆ. ಬಿಲ್ಲಿಗೆ ಸಹಿ ಹಾಕೋ ದಿನ ಪ್ರಿನ್ಸಿಪಾಲೋ ಮ್ಯಾನೇಜರೋ ಪಿಡಿಓನೋ ಯಾರಾದ್ರೂ ಆಗ್ಲಿ, ತಾವೇ ಎದ್ದು ಹೋಗಿ ಶಟ್‌ಡೌನ್ ಮಾಡಿಸಿ, ಪ್ಲಗ್ ಕಿತ್ತು, ಮತ್ತೆ ಹಾಕಿ, ಹುಡುಗನನ್ನ ಹೊರಗಡೆ ಬೆಂಚಲ್ಲಿ ಕೂರಿಸಿ ಹತ್ತು ನಿಮಿಷ ಕಾಯ್ಲಿ. ಎದ್ರೆ ಸಹಿ. ಇದಕ್ಕೆ ಇಂಜಿನಿಯರಿಂಗ್ ಓದಿರ್ಬೇಕಿಲ್ಲ. ನಾವು ಬಾವಿಗೆ ಮೋಟಾರ್ ಹಾಕಿಸಿದ್ರೆ ನೀರು ಬಂದ್ಮೇಲೆ ತಾನೇ ದುಡ್ಡು ಕೊಡೋದು, ಅದೂ ಒಂದ್ಸಲ ನಿಲ್ಲಿಸಿ ಮತ್ತೆ ಹಾಕಿ ನೋಡಿಯೇ. ರೂಟ್ ಪಾಸ್‌ವರ್ಡ್ ಒಂದು ಕವರಲ್ಲಿ ಹಾಕಿ ಅಂಟಿಸಿ ಬೀರುವಲ್ಲಿ ಇಡಿ, ಅದು ಮಷೀನ್ ಜೊತೆ ನಿಮಗೆ ಬರ್ಬೇಕಾದ ಸಾಮಾನು, ಅವನ ಮನೆ ಆಸ್ತಿ ಅಲ್ಲ.

ಇನ್ನೊಂದು ಮಾತು, ಎಬ್ಬಿಸೋದಷ್ಟೇ ಅಲ್ಲ ಬೇಡದ್ದನ್ನ ಮಲಗಿಸೋದೂ ಬೇಕು. ನಮ್ಮ ಲ್ಯಾಬಿನ ಹಳೇ ಮಷೀನ್‌ಗಳು ಏಳೋಕೆ ಎರಡು ನಿಮಿಷ ತಗೊಳ್ತಿದ್ವು. ಸಿಸ್ಟಮ್‌ಡಿ ಅನಲೈಸ್ ಬ್ಲೇಮ್ ಅಂತ ಒಂದು ಕಮಾಂಡ್ ಇದೆ, ಯಾರು ಎಷ್ಟು ಹೊತ್ತು ತಗೊಂಡ್ರು ಅಂತ ಪಟ್ಟಿ ಕೊಡುತ್ತೆ, ಎಲ್ರೂ ಅದರ ಮೊದಲ ಹೆಸರನ್ನ ಹಿಡ್ಕೊಂಡು ಬೈತಾರೆ. ಆದ್ರೆ ಎಲ್ಲ ಒಟ್ಟಿಗೆ ಓಡ್ತಿರೋವಾಗ ಜಾಸ್ತಿ ಹೊತ್ತು ತಗೊಂಡೋನೇ ಕಳ್ಳ ಅಂತೇನಿಲ್ಲ, ಅವನಿಗೋಸ್ಕರ ಬೇರೆಯವರು ಕಾದಿದ್ರಾ ಅಂತ ನೋಡ್ಬೇಕು, ಅದಕ್ಕೆ ಕ್ರಿಟಿಕಲ್ ಚೈನ್ ಅಂತ ಬೇರೆ ಇದೆ. ನಮ್ಮಲ್ಲಿ ಸಿಕ್ಕಿದ್ದು ನೆಟ್‌ವರ್ಕ್ ಪೂರ್ತಿ ಬರೋ ತನಕ ಕಾಯೋ ಸರ್ವಿಸ್ಸು, ಕೇಬಲ್ಲೇ ಹಾಕದಿರೋ ಮಷೀನಲ್ಲೂ ಪಾಪ ಕಾಯ್ತಾ ಕೂತಿತ್ತು. ಪ್ರಿಂಟರ್ ಸರ್ವಿಸ್‌ನ ಡಿಸೇಬಲ್ ಮಾಡಿದ್ರೂ ಎದ್ದು ಕೂತಿತ್ತು, ಯಾಕಂದ್ರೆ ಅದಕ್ಕೆ ಸಾಕೆಟ್ ಅಂತ ಒಬ್ಬ ಕಾವಲುಗಾರ ಬಾಗಿಲಲ್ಲಿ ನಿಂತಿರ್ತಾನೆ, ಯಾರಾದ್ರೂ ಬಾಗಿಲು ತಟ್ಟಿದ್ರೆ ಒಳಗಿನವನನ್ನ ಎಬ್ಬಿಸ್ತಾನೆ. ಡಿಸೇಬಲ್ ಅಂದ್ರೆ ತಾನಾಗಿ ಬರ್ಬೇಡ ಅಂತ ಅಷ್ಟೇ, ಕರೆದ್ರೂ ಬರ್ಬೇಡ ಅನ್ನೋಕೆ ಮಾಸ್ಕ್ ಅಂತ ಕೊಡ್ಬೇಕು.

ನಿಮ್ಮಲ್ಲಿ ಕೇಳೋದು ಒಂದೇ. ನಿಮ್ಮ ತಂತ್ರಜ್ಞಾನ ಪುಟದಲ್ಲಿ ವಾರ ವಾರ ಯಾವ ಫೋನಿಗೆ ಎಷ್ಟು ಮೆಗಾಪಿಕ್ಸೆಲ್ ಅಂತ ಬರುತ್ತೆ, ಬರ್ಲಿ ಬೇಡ ಅನ್ನಲ್ಲ. ಅದರ ಪಕ್ಕ ತಿಂಗಳಿಗೊಂದ್ಸಲ ಕಾಲು ಪುಟ ಇಂಥದ್ದಕ್ಕೆ ಬಿಡಿ, ಕನ್ನಡದಲ್ಲಿ. ಊರೂರಲ್ಲಿ ನಮ್ಮಂಥ ಇನ್‌ಸ್ಟ್ರಕ್ಟರುಗಳು, ಸೈಬರ್ ಸೆಂಟರ್ ಹುಡುಗ್ರು, ಲೈಬ್ರರಿಯವರು ಈ ಮಷೀನ್‌ಗಳನ್ನ ಕಾಯ್ತಿದಾರೆ, ಅವರಿಗೆ ಓದೋಕೆ ಸಿಗೋದೆಲ್ಲ ಇಂಗ್ಲಿಷ್ ಮ್ಯಾನುಯಲ್. ಬರೆಯೋರು ಸಿಗಲ್ಲ ಅಂದ್ರೆ ನಾನೇ ಬರ್ಕೊಡ್ತೀನಿ, ಸಂಭಾವನೆ ಬೇಡ, ತಪ್ಪಿದ್ರೆ ತಿದ್ದೋರು ಒಬ್ರು ಇದ್ರೆ ಸಾಕು.

ನಮ್ಮ ಲೈಬ್ರರಿ ಬೀರುವಿನ ಬಾಗಿಲ ಒಳಗಡೆ ಈಗ ಒಂದು ಹಾಳೆ ಅಂಟಿಸಿದೀನಿ, ಏಳ್ಬೇಕಾದವರ ಹೆಸರು ಕನ್ನಡದಲ್ಲಿ, ಕೆಳಗೆ ಟೈಪ್ ಮಾಡ್ಬೇಕಾದ ಒಂದೇ ಕಮಾಂಡ್, ಸಿಸ್ಟಮ್‌ಸಿಟಿಎಲ್ ಡ್ಯಾಶ್ ಡ್ಯಾಶ್ ಫೇಲ್ಡ್. ಏಳೋಕೆ ಹೋಗಿ ಬಿದ್ದೋರ ಪಟ್ಟಿ ಅದು. ಅಟೆಂಡರ್ ಏಳನೇ ಕ್ಲಾಸ್ ಓದಿದೋರು, ನನಗಿಂತ ವಯಸ್ಸಲ್ಲಿ ದೊಡ್ಡೋರು, ಮೊದಲು ಕೀಬೋರ್ಡ್ ಮುಟ್ಟೋಕೆ ಹೆದರ್ತಿದ್ರು. ಮೊನ್ನೆ ಭಾನುವಾರ ರಾತ್ರಿ ಮತ್ತೆ ಲೈನ್ ಹೋಗಿತ್ತು. ಸೋಮವಾರ ಎಂಟೂವರೆಗೆ ನಾನಿನ್ನೂ ಬಸ್ಸಲ್ಲಿದ್ದೆ, ಅವರ ಫೋನ್ ಬಂತು, 'ಸಾರ್, ಟೈಪ್ ಮಾಡ್ದೆ, ಸೊನ್ನೆ ಅಂತ ಬಂತು. ಪ್ರಶ್ನೆಪತ್ರಿಕೇನೂ ತೆಗೆದು ನೋಡ್ದೆ. ನೀವು ನಿಧಾನಕ್ಕೆ ಬನ್ನಿ.'

ಇತಿ,
ನಿಮ್ಮ ಹಳೇ ಓದುಗ,
ಮಲೆನಾಡಿನ ಒಬ್ಬ ಲ್ಯಾಬ್ ಇನ್‌ಸ್ಟ್ರಕ್ಟರ್
(ಕಾಲೇಜಿನ ಹೆಸರು ಗೊತ್ತಾಗುತ್ತೆ ಅಂತ ನನ್ನ ಹೆಸರು ಹಾಕ್ಬೇಡಿ)